ಮಸಾಯಿ ಮಾರಾ ಪ್ರವಾಸ: ಸಫಾರಿಯ ನಡುವಿನ ‘ಹಳ್ಳಿ ಭೇಟಿ’ಗೆ ಹೋಗಬೇಕೆ?

ಕಪಿಲಾತೀರ, ಮೈಸೂರು

ಮಾನ್ಯರೇ, ಬರುವ ಸೆಪ್ಟೆಂಬರಿನಲ್ಲಿ ತಂದೆ ತಾಯಿಯರನ್ನು ಕರೆದುಕೊಂಡು ಕೀನ್ಯಾಕ್ಕೆ ಹೋಗಬೇಕೆಂದಿದ್ದೇನೆ. ನೈರೋಬಿ, ಅಂಬೊಸೆಲಿ, ಮಸಾಯಿ ಮಾರಾ, ಇಷ್ಟೇ ನಮ್ಮ ಪಟ್ಟಿ. ಪ್ರವಾಸದ ಏರ್ಪಾಡು ಮಾಡುವವರು ಕಳುಹಿಸಿರುವ ದಿನಚರಿಯಲ್ಲಿ ಮಾರಾದ ಎರಡನೆಯ ದಿನ, ಮಧ್ಯಾಹ್ನದ ಊಟಕ್ಕೂ ಸಂಜೆಯ ಸಫಾರಿಗೂ ನಡುವೆ, ‘ಮಸಾಯಿ ಹಳ್ಳಿ ಭೇಟಿ, ಒಂದು ಗಂಟೆ, ಶುಲ್ಕ ಪ್ರತ್ಯೇಕ’ ಎಂಬ ಸಾಲೊಂದಿದೆ. ನಮ್ಮ ಮನೆಯಲ್ಲಿ ಈಗ ಚರ್ಚೆ ನಡೆಯುತ್ತಿರುವುದು ಆ ಒಂದು ಸಾಲಿನ ಬಗ್ಗೆ. ಅಮ್ಮನಿಗೆ ಸಿಂಹ, ಚಿರತೆಗಳಿಗಿಂತ ಅಲ್ಲಿನ ಹೆಂಗಸರು ಹೇಗೆ ಬಾಳುತ್ತಾರೆ, ಏನು ಅಡುಗೆ ಮಾಡುತ್ತಾರೆ ಎಂಬುದರಲ್ಲೇ ಹೆಚ್ಚು ಕುತೂಹಲ. ಅಪ್ಪನಿಗೋ, ದುಡ್ಡು ಕೊಟ್ಟು ಯಾರದೋ ಮನೆಯೊಳಗೆ ಇಣುಕುವುದು ಸಭ್ಯತೆಯಲ್ಲ ಎಂಬ ಆಕ್ಷೇಪ. ಹೋಗಿಬಂದವರು ಅನುಭವ ಹೇಳಿದರೆ ಉಪಕಾರವಾಗುತ್ತದೆ. ಇನ್ನೊಂದು ಪ್ರಶ್ನೆ: ತಂಗಲು ಮೀಸಲು ಪ್ರದೇಶದ ಒಳಗೇ ಜಾಗ ನೋಡಬೇಕೆ, ಅದರ ಹೊರಗಿರುವ ಕನ್ಸರ್ವೆನ್ಸಿಗಳಲ್ಲಿ ಉಳಿಯಬೇಕೆ?

ನೈರೋಬಿವಾಸಿ, ಮೂಲ ಧಾರವಾಡ

ನಿಮ್ಮ ಎರಡು ಪ್ರಶ್ನೆಗಳು ಬೇರೆಬೇರೆಯಾಗಿ ಕಂಡರೂ ನನ್ನ ಮಟ್ಟಿಗೆ ಒಂದೇ. ಎಲ್ಲಿ ತಂಗುತ್ತೀರಿ ಎಂಬುದು ನಿಶ್ಚಯವಾದರೆ, ಅಲ್ಲಿನ ದನಗಾಹಿ ಜನರಾದ ಮಸಾಯಿಗಳನ್ನು ಯಾವ ರೀತಿಯಲ್ಲಿ ಭೇಟಿಯಾಗುತ್ತೀರಿ ಎಂಬುದೂ ಮುಕ್ಕಾಲು ಪಾಲು ನಿಶ್ಚಯವಾದಂತೆಯೇ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ತಾಳ್ಮೆಯಿರಲಿ.

ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಪ್ರದೇಶದ ವಿಸ್ತೀರ್ಣ 1,510 ಚದರ ಕಿಲೋಮೀಟರ್. ಹೆಸರಿನಲ್ಲಿ ‘ರಾಷ್ಟ್ರೀಯ’ ಎಂದಿದ್ದರೂ ಅದು ಕೇಂದ್ರ ಸರ್ಕಾರದ ವನ್ಯಜೀವಿ ಇಲಾಖೆಯ ಕೈಯಲ್ಲಿಲ್ಲ. ನರೋಕ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಆಡಳಿತಕ್ಕೆ ಸೇರಿದೆ, ಪ್ರವೇಶ ಶುಲ್ಕವೂ ಕೌಂಟಿಗೇ ಸಲ್ಲುತ್ತದೆ. ಇದರ ಉತ್ತರಕ್ಕೂ ಪೂರ್ವಕ್ಕೂ ಹಬ್ಬಿರುವ ಹುಲ್ಲುಗಾವಲು ಮಸಾಯಿ ಕುಟುಂಬಗಳ ಖಾಸಗಿ ಜಮೀನು. 1968ರ ಕಾಯ್ದೆಯ ಪ್ರಕಾರ ಮೊದಲು ಇದೆಲ್ಲ ಗುಂಪಿನ ಹೆಸರಿನ ಒಡೆತನದಲ್ಲಿತ್ತು; ಮುಂದೆ ಅದನ್ನು ತುಂಡು ಮಾಡಿ ಒಬ್ಬೊಬ್ಬರ ಹೆಸರಿಗೆ ಹಕ್ಕುಪತ್ರ ಕೊಡಲಾಯಿತು. ತುಂಡಾದ ಮೇಲೆ ಪ್ರತಿಯೊಬ್ಬನೂ ತನ್ನ ಪಾಲಿಗೆ ಬೇಲಿ ಹಾಕಿಕೊಂಡರೆ ದನಗಳಿಗೂ ದಾರಿಯಿಲ್ಲ, ಕಾಡುಪ್ರಾಣಿಗಳಿಗೂ ದಾರಿಯಿಲ್ಲ. ಆಗ ಹುಟ್ಟಿದ ಏರ್ಪಾಡೇ ಕನ್ಸರ್ವೆನ್ಸಿ. ನೂರಾರು ಮಾಲೀಕರು ತಮ್ಮ ಪಾಲುಗಳನ್ನು ಮತ್ತೆ ಒಟ್ಟುಗೂಡಿಸಿ ಪ್ರವಾಸಿ ಕ್ಯಾಂಪುಗಳಿಗೆ ಗುತ್ತಿಗೆಗೆ ಕೊಡುತ್ತಾರೆ. ಪ್ರವಾಸಿಗರು ಬರಲಿ ಬಿಡಲಿ, ಎಕರೆಗೆ ಇಷ್ಟು ಎಂದು ಗೊತ್ತುಮಾಡಿದ ಬಾಡಿಗೆ ಮಾಲೀಕನಿಗೆ ನೇರವಾಗಿ ಸೇರಬೇಕು ಎಂಬುದು ಒಪ್ಪಂದದ ತಿರುಳು. ಓಲ್ ಕಿನ್ಯೇಯಿ 2005ರಲ್ಲಿ, ನಬೊಯಿಶೊ 2010ರಲ್ಲಿ ಹೀಗೆ ರೂಪುಗೊಂಡವು. ಓಲಾರೆ ಮೊಟೊರೊಗಿ, ಮಾರಾ ನಾರ್ತ್ ಇನ್ನೆರಡು ಪ್ರಮುಖ ಹೆಸರುಗಳು. ಇವೆಲ್ಲ ಸೇರಿದರೆ ಮೀಸಲು ಪ್ರದೇಶದಷ್ಟೇ ದೊಡ್ಡ ಇನ್ನೊಂದು ಹುಲ್ಲುಗಾವಲು.

ಪ್ರವಾಸಿಗನಿಗೆ ಇದರಿಂದ ಆಗುವ ಅನುಕೂಲ ಸ್ಪಷ್ಟ. ಹಾಸಿಗೆಗಳ ಸಂಖ್ಯೆಗೆ ಮಿತಿಯಿದೆ, ಒಂದು ಪ್ರಾಣಿಯ ಸುತ್ತ ಎಷ್ಟು ಜೀಪುಗಳು ನಿಲ್ಲಬಹುದೆಂಬುದಕ್ಕೂ ಮಿತಿಯಿದೆ, ಮೀಸಲು ಪ್ರದೇಶದಲ್ಲಿ ಅವಕಾಶವಿಲ್ಲದ ರಾತ್ರಿ ಸಫಾರಿ ಮತ್ತು ಕಾಲ್ನಡಿಗೆ ಇಲ್ಲಿ ಸಾಧ್ಯ. ಆದರೆ ನಾನು ಹೇಳಹೊರಟದ್ದು ಬೇರೆ. ಇಲ್ಲಿ ನಿಮಗೆ ಚಹಾ ತಂದುಕೊಡುವವನು, ಜೀಪು ಓಡಿಸುವವನು, ರಾತ್ರಿ ಡೇರೆಯವರೆಗೆ ಟಾರ್ಚು ಹಿಡಿದು ಬಿಟ್ಟುಬರುವವನು, ಇವರಲ್ಲಿ ಅನೇಕರು ಆ ನೆಲದ ಮಾಲೀಕರ ಮಕ್ಕಳು. ನೀವು ಅವರ ಬಾಡಿಗೆದಾರರು. ಸಂಜೆ ಬೆಂಕಿಯ ಬಳಿ ಕುಳಿತಾಗ ನಿಮ್ಮ ತಾಯಿಯವರು ಕೇಳಬೇಕೆಂದಿರುವ ಪ್ರಶ್ನೆಗಳನ್ನೆಲ್ಲ ಕೇಳಬಹುದು, ಅದಕ್ಕೆ ಪ್ರತ್ಯೇಕ ಟಿಕೆಟ್ಟು ಬೇಡ. ಒಂದು ಗಂಟೆಯ ಆ ಸಾಲನ್ನು ಹೊಡೆದುಹಾಕಿ, ಆ ಹಣವನ್ನು ಕನ್ಸರ್ವೆನ್ಸಿಯ ಒಂದು ರಾತ್ರಿಗೆ ಸೇರಿಸಿ ಎಂಬುದು ನನ್ನ ಸಲಹೆ.

ಮಸೂರದ ಕಣ್ಣು, ಬೆಂಗಳೂರು

ಮೇಲಿನವರ ಮಾತಿಗೆ ಗೌರವವಿಟ್ಟುಕೊಂಡೇ ಒಂದು ವ್ಯಾವಹಾರಿಕ ಎಚ್ಚರಿಕೆ. ಸೆಪ್ಟೆಂಬರಿನಲ್ಲಿ ಜನ ಮಾರಾಕ್ಕೆ ಹೋಗುವುದೇ ನದಿ ದಾಟುವುದನ್ನು ನೋಡಲು. ಪಕ್ಕದ ತಾಂಜಾನಿಯಾದ ಸೆರೆಂಗೆಟಿಯಿಂದ ಬಂದ, ಹುಲ್ಲೆಜಾತಿಯ ವೈಲ್ಡ್‌ಬೀಸ್ಟ್ ಹಿಂಡುಗಳು ಜುಲೈಯಿಂದ ಅಕ್ಟೋಬರಿನವರೆಗೆ ಮಾರಾ ನದಿಯ ಆಚೀಚೆ ಓಡಾಡುತ್ತವೆ, ಮತ್ತು ಹೆಸರಾದ ದಾಟುಗಡಗಳೆಲ್ಲ ಇರುವುದು ಮೀಸಲು ಪ್ರದೇಶದೊಳಗೆ. ನಬೊಯಿಶೊದಲ್ಲಿ ತಂಗಿದರೆ ಬೆಳಗಿನ ಜಾವವೇ ಹೊರಟು ಗೇಟು ದಾಟಿ, ಪ್ರತ್ಯೇಕ ಶುಲ್ಕ ಕಟ್ಟಿ ಹೋಗಬೇಕು. 2024ರ ಪರಿಷ್ಕರಣೆಯಲ್ಲಿ ಹೊರದೇಶದ ವಯಸ್ಕರಿಗೆ ಜುಲೈಯಿಂದ ಡಿಸೆಂಬರಿನವರೆಗೆ ದಿನಕ್ಕೆ 200 ಡಾಲರ್, ಉಳಿದ ತಿಂಗಳುಗಳಲ್ಲಿ 100 ಡಾಲರ್ ಎಂದು ನಿಗದಿಯಾಯಿತು. ಟಿಕೆಟ್ಟಿನ ಅವಧಿ 12 ಗಂಟೆ ಮಾತ್ರ. ಮೂವರಿಗೆ ಎಷ್ಟಾಗುತ್ತದೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

ನದಿ ದಾಟುವುದೆಂದರೆ ಸಿನಿಮಾದಲ್ಲಿ ತೋರಿಸುವಂತೆ ಹೋದೊಡನೆ ಆರಂಭವಾಗುವ ಆಟವಲ್ಲ. ಹಿಂಡು ದಡಕ್ಕೆ ಬರುತ್ತದೆ, ಮುಂದಿನವು ನೀರು ಮೂಸುತ್ತವೆ, ಹಿಂದಿನವು ತಳ್ಳುತ್ತವೆ, ಒಂದು ಜೀಬ್ರಾ ಬೆದರಿ ತಿರುಗಿದರೆ ಸಾಕು, ಇಡೀ ಹಿಂಡು ಧೂಳೆಬ್ಬಿಸಿಕೊಂಡು ಮೇಲೇರಿಬಿಡುತ್ತದೆ. ಮತ್ತೆ ಗಂಟೆಗಟ್ಟಲೆ ಕಾಯಬೇಕು. ಅಷ್ಟರಲ್ಲಿ ರೇಡಿಯೋ ಸುದ್ದಿ ಹಬ್ಬಿ ದಡದ ಮೇಲೆ ಜೀಪುಗಳ ಸಂತೆ ನೆರೆದಿರುತ್ತದೆ. ಒಳ್ಳೆಯ ಚಾಲಕ ದೂರದಲ್ಲೇ ನಿಂತು, ಮೊದಲ ಪ್ರಾಣಿಗಳು ನೀರಿಗಿಳಿದ ಮೇಲೆ ಮಾತ್ರ ಮುಂದೆ ಬರುತ್ತಾನೆ. ಅವಸರದವನು ದಾರಿಗೆ ಅಡ್ಡ ನಿಲ್ಲಿಸಿ ದಾಟುವುದನ್ನೇ ಕೆಡಿಸುತ್ತಾನೆ. ಜನಜಂಗುಳಿ ಬೇಡವೆಂದರೆ ನದಿಯ ಪಶ್ಚಿಮಕ್ಕಿರುವ ಮಾರಾ ಟ್ರಯಾಂಗಲ್ ಭಾಗವನ್ನು ನೋಡಿ. ಅದನ್ನು 2001ರಿಂದ ಲಾಭರಹಿತ ಸಂಸ್ಥೆಯೊಂದು ನಿರ್ವಹಿಸುತ್ತಿದ್ದು, ಶಿಸ್ತು ತುಸು ಹೆಚ್ಚು.

ಹಳ್ಳಿ ಭೇಟಿಯ ವಿಷಯದಲ್ಲಿ ನಾನು ನಿಮ್ಮ ತಂದೆಯವರ ಪಕ್ಷ. ಕಬಿನಿಗೆ ಹೋದವರು ಹಾಡಿಯೊಳಗೆ ನುಗ್ಗಿ ಫೋಟೋ ತೆಗೆಯುತ್ತಾರೆಯೇ? ಪ್ರಾಣಿ ನೋಡಲು ಹೋದವರು ಪ್ರಾಣಿ ನೋಡಿಕೊಂಡು ಬರುವುದು ಲೇಸು.

ನಿವೃತ್ತ ಅಧ್ಯಾಪಕಿ, ಶಿವಮೊಗ್ಗ

ನಾನು ಅಂಥದೊಂದು ಹಳ್ಳಿಗೆ ಹೋಗಿದ್ದೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ, ತೀರ್ಮಾನ ನಿಮ್ಮ ಮನೆಯವರಿಗೆ ಬಿಟ್ಟದ್ದು.

ಗೇಟಿನ ಹೊರಗೆ ಜೀಪು ನಿಂತೊಡನೆ ಒಬ್ಬ ಯುವಕ ಬಂದು ಒಳ್ಳೆಯ ಇಂಗ್ಲಿಷಿನಲ್ಲಿ ಸ್ವಾಗತಿಸಿ, ತಲಾ ಇಷ್ಟು ಎಂದು ಹಣ ಪಡೆದ. ನಮ್ಮ ಚಾಲಕ ಅವನೊಂದಿಗೆ ಬೇಲಿಯ ಹಿಂದೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಬಂದ. ಅಲ್ಲಿ ಏನು ನಡೆಯಿತೆಂದು ನಾನು ನೋಡಲಿಲ್ಲ, ಆದರೆ ಊಹಿಸಲು ಕಷ್ಟವೇನಿಲ್ಲ. ಕೆಂಪು ಶುಕಾ ಹೊದ್ದ ಹುಡುಗರು ಸಾಲಾಗಿ ನಿಂತು ನೆಗೆದರು. ಅದೇ ಹೊತ್ತಿಗೆ ಇನ್ನೊಂದು ಜೀಪು ಬಂದದ್ದರಿಂದ ನೆಗೆತ ಮೊದಲಿನಿಂದ ಆರಂಭವಾಯಿತು. ಆಮೇಲೆ ಹೆಂಗಸರು ನೆಲದ ಮೇಲೆ ಬಟ್ಟೆ ಹಾಸಿ ಮಣಿಸರಗಳನ್ನು ಹರಡಿದ್ದ ಕಡೆಗೆ ಕರೆದೊಯ್ದರು. ಸರ ಪೋಣಿಸಿದವಳು ಸುಮ್ಮನೆ ಕುಳಿತಿದ್ದಳು, ಚೌಕಾಸಿ ಮಾಡುತ್ತಿದ್ದವನು ಆ ಯುವಕ. ಇಷ್ಟು ಭಾಗ ನನಗೆ ಹಿಡಿಸಲಿಲ್ಲ.

ಆದರೆ ನಡುವೆ ಒಂದು ಮನೆಯೊಳಗೆ ಹೋಗಿದ್ದೆವು. ಗೋಡೆ ಕಡ್ಡಿ, ಮಣ್ಣು, ಸಗಣಿಯದು. ಕಟ್ಟಿದವಳು ಆ ಮನೆಯ ಹೆಂಗಸೇ, ಮಸಾಯಿಗಳಲ್ಲಿ ಮನೆ ಕಟ್ಟುವುದು ಹೆಣ್ಣಿನ ಕೆಲಸ. ಬಾಗಿಲಿನಿಂದ ನೇರವಾಗಿ ಒಳಗೆ ಹೋಗುವಂತಿಲ್ಲ, ತಲೆ ತಗ್ಗಿಸಿ ಒಂದು ತಿರುವು ತಿರುಗಬೇಕು. ಒಳಗೆ ಮುಷ್ಟಿಗಾತ್ರದ ಕಿಂಡಿಯೊಂದರಿಂದ ಬರುವ ಬೆಳಕು ಬಿಟ್ಟರೆ ಕತ್ತಲೆ. ಕಣ್ಣು ಹೊಂದಿಕೊಳ್ಳುವ ಮೊದಲೇ ಪಕ್ಕದ ತಡಿಕೆಯಾಚೆ ಉಸಿರಾಟದ ಸದ್ದು ಕೇಳಿಸಿತು, ಎಳೆಗರು ಕಟ್ಟಿದ್ದರು. ಹಾಲಿನ ಸೋರೆಬುರುಡೆಯನ್ನು ಆಕೆ ನನ್ನ ಕೈಗಿತ್ತಳು. ಅದರ ಒಳಮೈಯನ್ನು ಉರಿದ ಕೊಳ್ಳಿಯಿಂದ ತಿಕ್ಕಿ ಶುಚಿ ಮಾಡುತ್ತಾರಂತೆ, ಬಾಯಿಯ ಬಳಿ ಹಿಡಿದರೆ ಹೊಗೆಯ ಘಮ. ನಮ್ಮ ಮನೆಯಲ್ಲಿ ಕೊಟ್ಟಿಗೆಯಿತ್ತು, ನಾಲ್ಕು ಕರಾವಿನ ಹಸುಗಳಿದ್ದವು ಎಂದು ಹುಡುಗನ ಮೂಲಕ ಹೇಳಿಸಿದೆ. ಆಕೆ ಮುಖವೆತ್ತಿ ಮೊದಲ ಸಲ ನನ್ನನ್ನು ನೋಡಿ, ಎಷ್ಟು ಹಾಲು ಕೊಡುತ್ತಿದ್ದವು ಎಂದು ಕೇಳಿದಳು. ಅವರ ದನಗಳಿಗೂ ನಮ್ಮ ದನಗಳಂತೆಯೇ ಹೆಗಲ ಮೇಲೆ ಡುಬ್ಬವಿದೆ, ಆ ತಳಿಯ ಮೂಲ ನಮ್ಮ ಉಪಖಂಡವೇ. ಹಾಗಾಗಿ ಮಾತಿಗೇನೂ ಕೊರತೆಯಾಗಲಿಲ್ಲ. ಹುಡುಗ ಮಾತ್ರ ಗಡಿಯಾರ ನೋಡುತ್ತಿದ್ದ.

ಹೊರಬರುವಾಗ ಒಂದು ಪುಟ್ಟ ಮಗು ನನ್ನ ಮುಂದೆ ಬಂದು ತಲೆ ಬಾಗಿಸಿ ನಿಂತಿತು. ಏನು ಮಾಡಬೇಕೆಂದು ತಿಳಿಯದೆ ನಿಂತಾಗ ಯುವಕ ತೋರಿಸಿಕೊಟ್ಟ: ಹಿರಿಯರು ನೆತ್ತಿಯನ್ನು ಅಂಗೈಯಿಂದ ಮುಟ್ಟಬೇಕು, ಅದೇ ಅಲ್ಲಿನ ವಂದನೆ. ನಿಮ್ಮ ತಾಯಿಯವರಿಗೆ ಇದನ್ನು ಮೊದಲೇ ಹೇಳಿಡಿ.

ನೈರೋಬಿವಾಸಿ, ಮೂಲ ಧಾರವಾಡ

ಅಧ್ಯಾಪಕಿಯವರು ಬರೆದದ್ದರಲ್ಲಿ ದೋಷವೆಲ್ಲಿದೆ, ಗುಣವೆಲ್ಲಿದೆ ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ಗೇಟಿನ ಬಳಿಯ ಹಳ್ಳಿಗಳಲ್ಲಿ ಶುಲ್ಕದ ದೊಡ್ಡ ಪಾಲು ಕರೆತಂದ ಚಾಲಕನಿಗೆ ಹೋಗುತ್ತದೆ ಎಂಬ ದೂರು ಇಲ್ಲಿ ಬಹಳ ಹಳೆಯದು.

ಮಸೂರದ ಕಣ್ಣು ಅವರಿಗೆ ಒಂದು ಮಾತು. ‘ಪ್ರಾಣಿ ನೋಡಲು ಹೋದವರು ಪ್ರಾಣಿ ನೋಡಿಕೊಂಡು ಬರಲಿ’ ಎಂಬುದರಲ್ಲಿ ಆ ಬಯಲು ಜನರಿಲ್ಲದ ಬಯಲು ಎಂಬ ನಂಬಿಕೆ ಅಡಗಿದೆ. 1904ರ ಒಪ್ಪಂದದಲ್ಲಿ ಬ್ರಿಟಿಷರು ರಿಫ್ಟ್ ಕಣಿವೆಯ ಹುಲ್ಲುಗಾವಲನ್ನು ಬಿಳಿಯ ವಲಸಿಗರಿಗೆ ಕೊಡಲು ಮಸಾಯಿಗಳನ್ನು ಎರಡು ಮೀಸಲುಗಳಿಗೆ ಸರಿಸಿದರು. ಉತ್ತರದ ಲೈಕಿಪಿಯಾ ಎಂದೆಂದಿಗೂ ನಿಮ್ಮದೆಂದು ಬರೆದುಕೊಟ್ಟರು. 1911ರಲ್ಲಿ ಇನ್ನೊಂದು ಒಪ್ಪಂದ ಮಾಡಿ ಅದನ್ನೂ ಬಿಡಿಸಿ ದಕ್ಷಿಣಕ್ಕೆ ಅಟ್ಟಿದರು. ಮಸಾಯಿಗಳು 1913ರಲ್ಲಿ ನ್ಯಾಯಾಲಯಕ್ಕೆ ಹೋದರು. ಇದು ಎರಡು ಸಾರ್ವಭೌಮರ ನಡುವಿನ ಸಂಧಿ, ಆದ್ದರಿಂದ ನಾವು ವಿಚಾರಿಸಲಾಗದು ಎಂದು ನ್ಯಾಯಾಲಯ ಮೊಕದ್ದಮೆಯನ್ನೇ ತಳ್ಳಿಹಾಕಿತು! ಆಳುವಾಗ ಪ್ರಜೆಗಳು, ದೂರು ಕೊಡಲು ಹೋದಾಗ ಪರದೇಶಿಗಳು. ಹೀಗೆ ದಕ್ಷಿಣಕ್ಕೆ ತಳ್ಳಲ್ಪಟ್ಟವರು ದನ ಮೇಯಿಸಿದ ನೆಲದಲ್ಲೇ 1948ರಲ್ಲಿ ಅಭಯಾರಣ್ಯ ಗುರುತಿಸಿ, 1961ರಲ್ಲಿ ಅದನ್ನು ವಿಸ್ತರಿಸಲಾಯಿತು. ಜೀಪಿನ ಕಿಟಕಿಯಿಂದ ಕಾಣುವ ಆ ಹುಲ್ಲು ಹಾಗೆ ಕಾಣಲು ತಲೆಮಾರುಗಳ ಮೇವು, ಬೆಂಕಿ, ದನಗಳ ಓಡಾಟವೂ ಕಾರಣ. ಅದನ್ನು ತಿಳಿದವನೊಬ್ಬ ಪಕ್ಕದಲ್ಲಿದ್ದರೆ ಸಿಂಹ ನೋಡುವುದಕ್ಕೂ ಬೇರೆ ರುಚಿ ಬರುತ್ತದೆ.

ಬಿಳಿಗಿರಿ, ಚಾಮರಾಜನಗರ

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನೈರೋಬಿವಾಸಿಯವರು ಕನ್ಸರ್ವೆನ್ಸಿಗಳ ಚಿತ್ರಕ್ಕೆ ತುಸು ಹೆಚ್ಚೇ ಬಣ್ಣ ಬಳಿದಿದ್ದಾರೆಂದು ನನಗನಿಸುತ್ತದೆ. ಗುತ್ತಿಗೆಗೆ ಕೊಟ್ಟ ನೆಲದಲ್ಲಿ ದನ ಮೇಯಿಸುವುದಕ್ಕೆ ನಿರ್ಬಂಧವಿದೆಯಲ್ಲವೇ? ದನಗಾಹಿಯನ್ನು ಅವನದೇ ಹುಲ್ಲಿನಿಂದ ದೂರವಿಟ್ಟು, ಬದಲಿಗೆ ತಿಂಗಳಿಗಿಷ್ಟು ಎಂದು ಕೈಗಿಡುವುದು ಸ್ಥಳಾಂತರಕ್ಕಿಂತ ಎಷ್ಟು ಭಿನ್ನ? ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2011ರಲ್ಲಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮನ್ನಣೆ ಸಿಕ್ಕಿತು. ಹುಲಿ ಮೀಸಲು ಪ್ರದೇಶದೊಳಗೆ ಅದು ದೇಶದಲ್ಲೇ ಮೊದಲು. ಹಾಗಿದ್ದೂ ಜೇನು, ನೆಲ್ಲಿಕಾಯಿಗಾಗಿ ಕಾಡಿಗೆ ಹೋಗುವವರಿಗೆ ಎದುರಾಗುವ ಅಡ್ಡಿಗಳು ನಿಂತಿಲ್ಲ. ಹಕ್ಕು ಕಾಗದದಲ್ಲಿರುವುದು ಬೇರೆ, ಕಾಲಿಗೆ ದಾರಿ ಸಿಗುವುದು ಬೇರೆ. ಮಾರಾದಲ್ಲಿ ಹೇಗಿದೆ?

ನೈರೋಬಿವಾಸಿ, ಮೂಲ ಧಾರವಾಡ

ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಮೇಯಿಸಲು ಸರದಿಯ ಪ್ರಕಾರ ಕೆಲವು ಭಾಗಗಳನ್ನು ತೆರೆಯುತ್ತಾರೆ, ಬರದ ವರ್ಷಗಳಲ್ಲಿ ಆ ಸರದಿಯ ಬಗ್ಗೆ ಜಗಳಗಳಾಗುತ್ತವೆ, ಹೊತ್ತಲ್ಲದ ಹೊತ್ತಿನಲ್ಲಿ ದನ ನುಗ್ಗಿಸಿದವರಿಗೆ ದಂಡವೂ ಬೀಳುತ್ತದೆ. ಬಾಡಿಗೆ ಸಿಗುವುದು ಹಕ್ಕುಪತ್ರವಿದ್ದವನಿಗೆ. ಹಂಚಿಕೆಯ ಕಾಲದಲ್ಲಿ ಹೆಸರು ಬಿಟ್ಟುಹೋದವರಿಗೂ ಬಹುಪಾಲು ಹೆಂಗಸರಿಗೂ ಅದು ನೇರವಾಗಿ ತಲುಪುವುದಿಲ್ಲ. 2020ರಲ್ಲಿ ಪ್ರವಾಸಿಗರೇ ಬರದಿದ್ದಾಗ ಬಾಡಿಗೆಯ ಭರವಸೆ ಎಷ್ಟು ತೆಳುವಾದದ್ದೆಂದು ಎಲ್ಲರಿಗೂ ಗೊತ್ತಾಯಿತು. ಹಲವು ಕಡೆ ಮಾಲೀಕರು ಕಡಿಮೆ ಮೊತ್ತಕ್ಕೆ ಒಪ್ಪಿಕೊಳ್ಳಬೇಕಾಯಿತು.

ಆದರೂ ಸ್ಥಳಾಂತರಕ್ಕೂ ಇದಕ್ಕೂ ಅಂತರವಿದೆ. ಗುತ್ತಿಗೆಗೆ ಅವಧಿಯಿದೆ, ಮುಗಿದಾಗ ಮಾಲೀಕ ಬೇಡವೆನ್ನಬಹುದು, ಚೌಕಾಸಿ ಮಾಡಬಹುದು. ಕನ್ಸರ್ವೆನ್ಸಿ ಇಲ್ಲದ ಕಡೆ ಏನಾಗುತ್ತಿದೆಯೆಂದು ನೋಡಬೇಕಿದ್ದರೆ ಉತ್ತರದ ಕಡೆ ಹೋಗಿ. ಕಳೆದ ದಶಕದಿಂದ ತಂತಿಬೇಲಿಗಳು ಹಬ್ಬುತ್ತಿವೆ, ಲೋಯಿಟಾ ಬಯಲಿನಿಂದ ಮಾರಾಕ್ಕೆ ಬರುತ್ತಿದ್ದ ವೈಲ್ಡ್‌ಬೀಸ್ಟ್ ಹಿಂಡು ಹಿಂದಿದ್ದುದರ ನೆರಳಷ್ಟಾಗಿದೆ. ಇದನ್ನೆಲ್ಲ ತೂಗಿ ನೋಡಿಯೇ ನಾನು ಕನ್ಸರ್ವೆನ್ಸಿಯ ಪರ ನಿಂತಿರುವುದು.

ಮಸೂರದ ಕಣ್ಣು, ಬೆಂಗಳೂರು

ನನ್ನ ಮಾತು ಮೊಟಕಾಗಿತ್ತು, ಸರಿ. ಆದರೆ ಪ್ರವಾಸಿಗರಿಗಾಗಿ ನೆಗೆಯುವ ನೃತ್ಯವನ್ನು ಸಂಸ್ಕೃತಿಯೆಂದು ಒಪ್ಪಿಕೊಳ್ಳಲು ನನ್ನಿಂದಾಗದು. ಮಸಾಯಿ ಯುವಕರು ಯೋಧರಾಗುವುದಕ್ಕೂ ಯೋಧತ್ವ ಬಿಟ್ಟು ಹಿರಿಯರಾಗುವುದಕ್ಕೂ ವಿಧಿಗಳಿವೆ. ಎನ್‌ಕಿಪಾಟಾ, ಯೂನೊಟೊ, ಓಲ್‌ನ್ಗೆಶೆರ್ ಎಂಬ ಮೂರನ್ನು ಯುನೆಸ್ಕೊ 2018ರಲ್ಲಿ ತುರ್ತು ರಕ್ಷಣೆ ಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿದೆ. ಯೂನೊಟೊದಲ್ಲಿ ತಾಯಿ ಮಗನ ಉದ್ದಗೂದಲನ್ನು ಬೋಳಿಸುತ್ತಾಳೆ. ಇವು ಒಂದು ವಯೋವರ್ಗಕ್ಕೆ ವರ್ಷಗಟ್ಟಲೆ ಕಾದು ಒಮ್ಮೆ ನಡೆಯುವಂಥವು, ಮಧ್ಯಾಹ್ನ ಎರಡು ಗಂಟೆಗೆ ಜೀಪು ಬಂದಾಗ ನಡೆಯುವಂಥವಲ್ಲ.

ನಿವೃತ್ತ ಅಧ್ಯಾಪಕಿ, ಶಿವಮೊಗ್ಗ

ಒಪ್ಪಿದೆ. ಆದರೆ ಆ ಹುಡುಗರಲ್ಲಿ ಒಬ್ಬ ಆ ಹಣದಿಂದಲೇ ತಂಗಿಯ ಹೈಸ್ಕೂಲು ಶುಲ್ಕ ಕಟ್ಟುತ್ತೇನೆಂದ. ಅವನ ನೆಗೆತ ಅಸಲಿಯೋ ನಕಲಿಯೋ ಎಂದು ತೀರ್ಪು ಕೊಡಲು ನನಗೆ ಬಾಯಿ ಬರಲಿಲ್ಲ. ನಮ್ಮಲ್ಲಿಯೂ ಯಕ್ಷಗಾನದ ತುಣುಕುಗಳನ್ನು ಹೋಟೆಲುಗಳಲ್ಲಿ ಆಡಿಸುತ್ತಾರೆ. ವೇಷ ಕಟ್ಟಿದ ಕಲಾವಿದ ಅದೇ ರಾತ್ರಿ ಬಯಲಾಟದಲ್ಲಿ ಬೆಳಗಿನವರೆಗೂ ಕುಣಿಯುವವನೇ ಆಗಿರುತ್ತಾನೆ.

ರಾಗಿಮುದ್ದೆ, ಮಂಡ್ಯ

ದೊಡ್ಡ ವಿಚಾರಗಳ ನಡುವೆ ಹೊಟ್ಟೆಯ ಮಾತಿಗೂ ಸ್ವಲ್ಪ ಜಾಗವಿರಲಿ, ಹಿರಿಯರು ಬರುತ್ತಿದ್ದಾರಲ್ಲ. ಕೀನ್ಯಾದಲ್ಲಿ ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ‘ಎನ್‌ಡೆಂಗು’ ಎಂದರೆ ನಮ್ಮ ಹೆಸರುಕಾಳಿನ ಗಸಿಯೇ, ಜೊತೆಗೆ ಪದರುಪದರಾದ ಚಪಾತಿ. ಯಾವ ಸಣ್ಣ ಊರಿನ ಖಾನಾವಳಿಯಲ್ಲಾದರೂ ಸಿಗುತ್ತದೆ. ‘ಸುಕುಮಾ ವಿಕಿ’ ಎಂಬ ಸೊಪ್ಪಿನ ಪಲ್ಯ, ‘ಮಹರಾಗ್ವೆ’ ಎಂಬ ಹುರುಳಿಕಾಯಿಬೀಜದ ಸಾರು, ಮೆಕ್ಕೆಜೋಳದ ಹಿಟ್ಟಿನ ಮುದ್ದೆಯಾದ ಉಗಾಲಿ ನಿತ್ಯದ ಊಟ. ಚಹಾವನ್ನು ಹಾಲಿನಲ್ಲೇ ಕುದಿಸುತ್ತಾರೆ, ಶುಂಠಿ ಬೇಕೆಂದರೆ ಹಾಕುತ್ತಾರೆ. ರೈಲುದಾರಿ ಹಾಕಲು 1896ರಿಂದ 1901ರವರೆಗೆ ಹೋದ ಸುಮಾರು 32,000 ಭಾರತೀಯ ಕೂಲಿಗಳ ಕಾಲದಿಂದ, ಅವರ ಹಿಂದೆಯೇ ಹೋದ ಗುಜರಾತಿ ಅಂಗಡಿಕಾರರ ಕಾಲದಿಂದ ಈ ರುಚಿಗಳು ಅಲ್ಲಿನವೇ ಆಗಿಹೋಗಿವೆ. 2017ರಲ್ಲಿ ಏಷ್ಯನ್ ಮೂಲದವರನ್ನು ಕೀನ್ಯಾದ 44ನೆಯ ಸಮುದಾಯವೆಂದೇ ಸರ್ಕಾರ ಘೋಷಿಸಿತು.

ಇನ್ನು ಕಾಗದಪತ್ರ. ವೀಸಾ ಬದಲು 2024ರಿಂದ ಆನ್‌ಲೈನ್ ಪ್ರಯಾಣ ಅನುಮತಿ ಪಡೆಯಬೇಕು. ಹಳದಿ ಜ್ವರದ ಲಸಿಕೆಯನ್ನು ಮರೆಯಲೇಬೇಡಿ. ಚುಚ್ಚಿಸಿಕೊಂಡ 10 ದಿನಗಳ ನಂತರವಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಅದಿಲ್ಲದೆ ಹಿಂದಿರುಗಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನಗಳವರೆಗೆ ಪ್ರತ್ಯೇಕವಾಗಿರಿಸಬಹುದು. 60 ದಾಟಿದವರಿಗೆ ಈ ಲಸಿಕೆಯಲ್ಲಿ ಅಪಾಯ ಸ್ವಲ್ಪ ಹೆಚ್ಚಾದ್ದರಿಂದ ಮೊದಲು ವೈದ್ಯರನ್ನು ಕಾಣಿರಿ. ಪ್ಲಾಸ್ಟಿಕ್ ಕೈಚೀಲಗಳಿಗೆ 2017ರಿಂದ ನಿಷೇಧವಿದೆ, ಚಕ್ಕುಲಿ ಕೋಡುಬಳೆಗಳನ್ನು ಡಬ್ಬಿಯಲ್ಲಿ ತುಂಬಿಕೊಳ್ಳಿ.

ಕಪಿಲಾತೀರ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಅಪ್ಪ ಅಮ್ಮ ಇಬ್ಬರಿಗೂ ಇದನ್ನೆಲ್ಲ ಓದಿ ಹೇಳಿದೆ. ಕೊಳ್ಳಿಯಿಂದ ತಿಕ್ಕಿದ ಸೋರೆಬುರುಡೆಯ ಮಾತು ಕೇಳಿದ ಮೇಲೆ ಅಪ್ಪನೂ ಒಂದು ಮೆಟ್ಟಿಲು ಇಳಿದಿದ್ದಾರೆ. ದುಡ್ಡು ಯಾರ ಕೈಗೆ ಹೋಗುತ್ತದೆಂದು ಗೊತ್ತಾಗುವುದಾದರೆ ತಮ್ಮ ಅಭ್ಯಂತರವಿಲ್ಲವಂತೆ. ಅಂಬೊಸೆಲಿಯನ್ನು ಕೈಬಿಟ್ಟಿದ್ದೇವೆ. ಮಾರಾದಲ್ಲಿ ಹೆಚ್ಚು ದಿನ ಉಳಿದು, ಕನ್ಸರ್ವೆನ್ಸಿಯಲ್ಲಿ ತಂಗಿ, ನದಿಗಾಗಿ ಒಂದೇ ದಿನ ಮೀಸಲು ಪ್ರದೇಶದೊಳಗೆ ಹೋಗುವುದೆಂದು ಆಲೋಚನೆ. ಕ್ಯಾಂಪನ್ನು ಆರಿಸುವಾಗ ಏನೇನು ಕೇಳಬೇಕು? ಹೋದ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಅಮ್ಮ ಈಗಾಗಲೇ ಮಕ್ಕಳಿಗೆಂದು ಪೆನ್ನು, ಚಾಕೊಲೇಟು ಕಟ್ಟಿಡಲು ಆರಂಭಿಸಿದ್ದಾರೆ, ಅದು ಸರಿಯೇ?

ನೈರೋಬಿವಾಸಿ, ಮೂಲ ಧಾರವಾಡ

ಮೂರು ವಿಷಯ ಕೇಳಿ. ನೀವು ಕೊಡುವ ಕನ್ಸರ್ವೆನ್ಸಿ ಶುಲ್ಕ ಬಾಡಿಗೆಯಾಗಿ ಮಾಲೀಕರಿಗೆ ಹೋಗುತ್ತದೆಯೇ, ಅದು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣುತ್ತದೆಯೇ ಎಂದು ಕೇಳಿ. ಕೆಲವರು ಕನ್ಸರ್ವೆನ್ಸಿಯ ಪಕ್ಕದಲ್ಲಿದ್ದು ಒಳಗಿದ್ದೇವೆಂದು ಹೇಳಿಕೊಳ್ಳುತ್ತಾರೆ, ನಕ್ಷೆ ತರಿಸಿ ನೋಡಿ. ಗೈಡ್ ಯಾವ ಊರಿನವರು, ವೃತ್ತಿಪರ ಗೈಡುಗಳ ಸಂಘದ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆಗಳಲ್ಲಿ ಯಾವುದನ್ನು ಪಡೆದಿದ್ದಾರೆ ಎಂದು ವಿಚಾರಿಸಿ. ಸ್ಥಳೀಯ ಯುವಕ ಯುವತಿಯರಿಗೆ ಗೈಡ್ ತರಬೇತಿ ಕೊಡುವ ಕೊಯಿಯಾಕಿ ಶಾಲೆ 2005ರಲ್ಲಿ ಆರಂಭವಾಯಿತು. ಅಲ್ಲಿ ಕಲಿತ ಹೆಣ್ಣುಮಗಳೇ ಗೈಡ್ ಆಗಿ ಸಿಕ್ಕರೆ ನಿಮ್ಮ ತಾಯಿಯವರಿಗೆ ಮಾತಿಗೆ ಇನ್ನೂ ಅನುಕೂಲ.

ಮನೆಯ ಭೇಟಿಯನ್ನು ಕ್ಯಾಂಪಿನ ಸಿಬ್ಬಂದಿಯೊಬ್ಬರ ಮೂಲಕವೇ ಕೇಳಿಕೊಳ್ಳಿ. ಹಾಲು ಕರೆಯುವ ಸಂಜೆಯ ಹೊತ್ತು ಒಳ್ಳೆಯದು, ದನಗಳು ಮುಳ್ಳುಬೇಲಿಯೊಳಗೆ ಹಿಂದಿರುಗುವುದನ್ನೂ ನೋಡಬಹುದು. ಹೆಂಗಸರಿಗೆ ‘ತಕ್ವೆನ್ಯಾ’ ಎಂದು ವಂದಿಸಿದರೆ ‘ಇಕೊ’ ಎಂದು ಉತ್ತರ ಬರುತ್ತದೆ. ಫೋಟೋ ಕೇಳಿ ತೆಗೆಯಿರಿ. ಸರ ಕೊಳ್ಳುವುದಿದ್ದರೆ ಪೋಣಿಸಿದವಳ ಕೈಗೇ ಹಣ ಕೊಡಿ. ಎಂಪೆಸಾ ಎಂಬ ಮೊಬೈಲ್ ಹಣದ ವ್ಯವಸ್ಥೆ 2007ರಿಂದ ಇಲ್ಲಿದೆ, ಹಳ್ಳಿಯ ಹೆಂಗಸರೂ ಬಳಸುತ್ತಾರೆ, ನಿಮ್ಮ ಗೈಡ್ ಅದರ ಮೂಲಕ ಕಳುಹಿಸಿಕೊಡಬಲ್ಲರು.

ಪೆನ್ನು, ಚಾಕೊಲೇಟು ಬೇಡ. ಜೀಪು ಕಂಡೊಡನೆ ಮಕ್ಕಳು ಶಾಲೆ ಬಿಟ್ಟು ರಸ್ತೆಗೆ ಓಡಿಬರುವ ಚಟ ಹತ್ತಿದ್ದು ಅವುಗಳಿಂದಲೇ. ಬರಿಗೈಯಲ್ಲಿ ಹೋಗಲು ತಾಯಿಯವರಿಗೆ ಮನಸ್ಸಿಲ್ಲದಿದ್ದರೆ ದಾರಿಯಲ್ಲಿ ನರೋಕ್ ಪೇಟೆಯಲ್ಲಿ ಚಹಾಪುಡಿ, ಸಕ್ಕರೆ ಕೊಂಡುಕೊಳ್ಳಿ. ಯಾರ ಮನೆಗೆ ಹೋದರೂ ಇಲ್ಲಿನವರು ಒಯ್ಯುವುದು ಅದನ್ನೇ.